ಅತ್ತೆಯ ಮುಖಕ್ಕೊಂದು ಹಲಗೆ

ಅತ್ತೆಯ ಚಿತ್ರ ಬರೆಯಲು ಹೋಗಿ ಸೊಸೆ ಆಗಲೇ ಎರಡು ಸಲ ಸೋತಿದ್ದಳು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಕೆಲಸ, ರಜೆಯ ದಿನ ಎಣ್ಣೆಬಣ್ಣ. ಹೂಜಿ, ಹಣ್ಣು, ಕಿಟಕಿ ಎಲ್ಲ ಕ್ಯಾನ್ವಾಸಿನ ಮೇಲೆ ಚೆನ್ನಾಗಿಯೇ ಮೂಡುತ್ತಿದ್ದವು. ಅತ್ತೆಯ ಮುಖ ಮಾತ್ರ ಜಪ್ಪಯ್ಯ ಅಂದರೂ ಬರಲೊಲ್ಲದು. ಕಣ್ಣಂಚಿನ ಸಣ್ಣ ಗೆರೆ ಎಳೆಯಹೋದರೆ ಬಟ್ಟೆಯ ನೇಯ್ಗೆಗೆ ಕುಂಚ ಎಡವಿ, ಗೆರೆಯೆಲ್ಲ ಚುಕ್ಕೆಚುಕ್ಕೆಯಾಗುತ್ತಿತ್ತು.

ಅತ್ತೆ ಬಂದು ನೋಡಿದರು. "ನಾನೇನು ಗೋಣಿಚೀಲದೊಳಗಿಂದ ಇಣುಕ್ತಿದೀನಾ?"

"ತಪ್ಪು ನಿಮ್ಮ ಮುಖದ್ದಲ್ಲ ಅತ್ತೆ, ಬಟ್ಟೇದು. ನುಣ್ಣಗಿರೋ ಹಲಗೆ ಬೇಕು."

"ನುಣುಪು ಅಂದ್ರೆ ನನ್ನನ್ನ ಕೇಳು. ನಾನೂ ಬರ್ತೀನಿ ನಡಿ."

ಆಯುಷ್ಯದ ಬಹುಪಾಲು ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದವರು ಅವರು. ಸುಕ್ಕು ಎಂದರೆ ಇಂದಿಗೂ ಅವರಿಗೆ ಆಗಿಬರುವುದಿಲ್ಲ.

ಮರದಂಗಡಿಯ ಪ್ಲೈವುಡ್ ಕೈಗೇನೋ ನಯವಾಗಿತ್ತು. ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಮರದ ನಾರು ಅಲೆಯಲೆಯಾಗಿ ಕಾಣುತ್ತಿತ್ತು. ಬಣ್ಣದಡಿಯಿಂದಲೂ ಅದು ಇಣುಕದೆ ಬಿಡದು ಎಂದು ಸೊಸೆ ಅದನ್ನು ಬದಿಗಿಟ್ಟು, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯೊಂದನ್ನು ಎಳೆದಳು. ಅತ್ತೆ ಕನ್ನಡಕ ತೆಗೆದು, ನಾಲ್ಕು ಜನರ ಮುಂದೆ ಅದಕ್ಕೆ ಕೆನ್ನೆಯನ್ನೇ ಒತ್ತಿ ನೋಡಿದರು.

"ಅಜ್ಜಿ, ಅದು ದಿಂಬಲ್ಲ," ಎಂದ ಅಂಗಡಿಯವನು.

"ನಿನ್ನ ದಿಂಬಿಗಿಂತ ವಾಸಿ. ಇದನ್ನೇ ಕಟ್ಟು."

ಮನೆಯಲ್ಲಿ ಪಡಸಾಲೆಯೇ ಕಾರ್ಖಾನೆಯಾಯಿತು. ಒಂದೇ ಬದಿಗೆ ಬಳಿದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆಂದು ಸೊಸೆ ಎರಡೂ ಬದಿಗೆ, ಅಂಚಿಗೂ ಬಣ್ಣಕ್ಕೆ ತಳವಾಗುವ ಬಿಳಿ ಪ್ರೈಮರನ್ನು ತೆಳ್ಳಗೆ ಬಳಿದಳು. ಒಂದು ಪದರ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ನಡುನಡುವೆ ಉಪ್ಪುಕಾಗದದಿಂದ ತಿಕ್ಕುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಪುಡಿ ಹಾರಿ ಅವರಿಗೆ ಬಿಳಿ ಮೀಸೆ ಬಂತು. ಮಗ ಕೆಲಸದಿಂದ ಬಂದವನು, "ಯಾರಮ್ಮಾ ಈ ಯಜಮಾನ್ರು?" ಎಂದು ಕೇಳಿ ಬೈಸಿಕೊಂಡ.

ಮರುದಿನ ಸಂಜೆ ಸೊಸೆ ಬಂದು ನೋಡುತ್ತಾಳೆ, ಹಲಗೆ ಗಾಜಿನಂತೆ ಹೊಳೆಯುತ್ತಿದೆ! ಅತ್ತೆ ಹಗಲೆಲ್ಲ ನೀರು ಮುಟ್ಟಿಸಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಇಟ್ಟಿದ್ದರು.

"ಹೇಗಿದೆ? ತಲೆ ಬಾಚ್ಕೋಬಹುದು, ಅಷ್ಟು ಹೊಳಪು!"

ಇಷ್ಟು ಹೊಳಪು ಒಳ್ಳೆಯದಲ್ಲ ಎಂದು ಸೊಸೆಗೆ ನೋಡಿದೊಡನೆ ಗೊತ್ತಾಯಿತು. ಆದರೆ ಆ ಹಿಗ್ಗಿದ ಮುಖ ನೋಡಿ ನಾಲಿಗೆ ಏಳಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಬಣ್ಣ ಹಚ್ಚತೊಡಗಿದಳು. ಅಂದುಕೊಂಡಂತೆಯೇ ಆಯಿತು: ಬಣ್ಣ ಜಾರಿತು. ಎರಡನೆಯ ಸಲ ಕುಂಚವಾಡಿಸಿದರೆ ಮೊದಲು ಹಚ್ಚಿದ್ದೂ ಎದ್ದು ಬಂತು.

"ಏನಾಯ್ತು?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋ ಮುಖಾನಾ ಅದು? ಹೇಳು."

"ತುಂಬಾ ನುಣ್ಣಗಾಗಿಬಿಟ್ಟಿದೆ. ಬಣ್ಣಕ್ಕೆ ಹಿಡ್ಕೊಳ್ಳೋಕೆ ಜಾಗಾನೇ ಇಲ್ಲ."

ಅತ್ತೆಯ ಮುಖ ಸಣ್ಣದಾಯಿತು. ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಗದರಿದರು: "ಬಂದ ತಕ್ಷಣ ಹೇಳಬಾರದಾ?"

"ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳಲಿ?"

"ಬಾಯಿಂದ ಹೇಳು! ಇಸ್ತ್ರಿ ಜಾಸ್ತಿಯಾದ್ರೆ ಬಟ್ಟೆ ಸುಡುತ್ತೆ ಅಂತ ನಂಗೊತ್ತಿಲ್ವಾ? ಮುಲಾಜು ನೋಡೋಕೆ ನಾನೇನು ಮನೆಗೆ ಬಂದ ನೆಂಟಳಾ?"

ಸೊಸೆಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಇಬ್ಬರೂ ಸೇರಿ ಬಣ್ಣ ಒರೆಸಿ, ಹೊಳಪನ್ನು ಉಪ್ಪುಕಾಗದದಿಂದ ಮುರಿದು, ಇನ್ನೊಂದು ತೆಳು ಪದರ ಬಳಿದರು. ಒಣಗಿದ ಮೇಲೆ ಅತ್ತೆ ಒಂದೇ ಒಂದು ಸಲ ಹಗುರವಾಗಿ ಕೈಯಾಡಿಸಿ ಹಿಂದೆ ಸರಿದರು. ಮೇಲ್ಮೈ ಈಗ ಬೆರಳಿಗೆ ಮೊಟ್ಟೆಯ ಚಿಪ್ಪಿನಂತೆ ತುಸುವೇ ತರಿಯಾಗಿ ಹತ್ತುತ್ತಿತ್ತು.

ಈ ಸಲ ಕುಂಚ ಹೇಳಿದಂತೆ ಕೇಳಿತು. ಹಣೆಯ ಗೆರೆ, ತುಟಿಯಂಚಿನ ಗೆರೆ, ಎಲ್ಲ ಒಂದೊಂದಾಗಿ ಬಂದು ಕೂತವು. ಕೆಲವು ರಜೆಗಳು ಹೀಗೆಯೇ ಕಳೆದವು. ಚಿತ್ರ ಮುಗಿದ ಮಧ್ಯಾಹ್ನ ಅತ್ತೆ ಅದರೆದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇಷ್ಟೆಲ್ಲ ಗೆರೆ ನಂದೇನಾ?"

"ಒಂದೂ ಹೆಚ್ಚಿಗೆ ಹಾಕಿಲ್ಲ."

ಅತ್ತೆ ಹಣೆಯ ಮೇಲಿನ ಗೆರೆಯೊಂದನ್ನು ದೂರದಿಂದಲೇ ತೋರಿಸಿದರು. "ಇದು ನಿನ್ನ ಗಂಡ ಜ್ವರ ಬಂದು ಮಲಗಿದ್ದಾಗಿಂದು. ಈ ಬಾಯಿ ಪಕ್ಕದ್ದಿದೆಯಲ್ಲ, ಅದು ನಿಮ್ಮ ಮಾವ ನಗಿಸಿ ನಗಿಸಿ ಬಂದಿದ್ದು. ಕೂತ್ಕೊ, ಹೇಳ್ತೀನಿ."

ಸೊಸೆ ಕುಂಚ ತೊಳೆಯುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತಳು.