ಬಿಸಿ ತಾಗದ ಸತು

ಲೋಹ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ತಂಗಿ ಸೂಕ್ಷ್ಮದರ್ಶಕಕ್ಕೆ ಮತ್ತೊಮ್ಮೆ ಕಣ್ಣಿಟ್ಟಳು. ಅಣ್ಣ ಕಾರ್ಖಾನೆಯಲ್ಲಿ ಲಟ್ಟಿಸಿದ್ದ ಸತುವಿನ ಹಾಳೆಯ ಚೂರು ಅದು. ಬೇರೆ ಲೋಹ ಬೆರೆಸಿದ ಆ ಹಾಳೆಯೊಳಗೆ ಲಟ್ಟಣೆಗೆ ಸಿಕ್ಕಿ ಎಳೆದುಕೊಂಡ ಉದ್ದುದ್ದ ಹರಳುಗಳಿರಬೇಕಿತ್ತು. ಅವುಗಳ ಜಾಗದಲ್ಲಿ ಸಾಸಿವೆ ಚೆಲ್ಲಿದಂತೆ ಹೊಸ ದುಂಡು ಹರಳುಗಳು ಹುಟ್ಟಿಕೊಂಡಿದ್ದವು. ಹಾಳೆ ಮಿತಿಮೀರಿ ಕಾದರೆ ಹಾಗಾಗುತ್ತದೆ. ಅಣ್ಣ ಲಟ್ಟಿಸುವ ಉರುಳೆಗಳನ್ನು ತಣಿಸದೆ ಓಡಿಸಿದ್ದಾನೆ ಎಂಬ ದೂರು ನಿಜವಾದರೆ ಇವತ್ತೇ ಅವನ ಕೆಲಸ ಹೋಗುತ್ತಿತ್ತು.

"ನಾನು ಮೊದಲೇ ಹೇಳಿದ್ನಲ್ಲ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ಹಾಳೆ ಕಾದಿದೆ ಅಂತ ವರದಿ ಬರೆದು ಕಳಿಸಿಬಿಡಮ್ಮ."

ಅವಳು ಚೂರನ್ನು ಮೆಲ್ಲಗೆ ಸರಿಸಿದಳು. ಹೋಲಿಸಿ ನೋಡಲೆಂದು, ಚೂರು ಹಿಡಿದಿಡುವ ಅದೇ ರಾಳದ ಅಚ್ಚಿನಲ್ಲಿ ಹಳೆಯ ಒಳ್ಳೆಯ ಹಾಳೆಯ ತುಣುಕನ್ನೂ ಕೂರಿಸಿದ್ದಳು. ಅದರಲ್ಲೂ ಅದೇ ಸಾಸಿವೆ! ಆಗ ಅವಳಿಗೆ ಹೊಳೆಯಿತು. ದಿನಾ ಉಕ್ಕಿನ ಚೂರುಗಳನ್ನು ಹಾಕುವ ಬಿಸಿ ಅಚ್ಚಿಗೇ, ಅಭ್ಯಾಸಬಲದಿಂದ, ಸತುವನ್ನೂ ಹಾಕಿದ್ದಳು. ಉಕ್ಕು ಆ ಬಿಸಿಗೆ ಜಗ್ಗುವುದಿಲ್ಲ. ಸತು ಹಾಗಲ್ಲ.

"ಸರ್, ಈ ಹರಳು ಹುಟ್ಟಿಸಿದ್ದು ನಮ್ಮ ಅಚ್ಚೇ ಇರ್ಬೇಕು."

"ಒಡಹುಟ್ಟಿದವನು ಅಂದ್ರೆ ಕರುಳು ಚುರ್ ಅನ್ನುತ್ತೆ, ಅಲ್ವಾ?"

"ಅನ್ನುತ್ತೆ ಸರ್. ಅದಕ್ಕೇ ಈ ಸಲ ನಾನು ನೋಡೋಲ್ಲ. ಮೊದಲು ನೀವೇ ನೋಡಿ."

ಎರಡೂ ಹಾಳೆಗಳಿಂದ ಹೊಸ ಚೂರು ಕತ್ತರಿಸಿ, ಬಿಸಿ ತಾಗಿಸದೆ ತಾನಾಗಿ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿದಳು. ಹರಳು ಕಾಣುವಂತೆ ಇನ್ನು ನುಣುಪಾಗಿ ಉಜ್ಜಬೇಕು. ಒತ್ತಿ ಉಜ್ಜಿದರೂ ಸತುವಿನ ಮೈಯಲ್ಲಿ ಸುಳ್ಳು ಹರಳು ಏಳುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣನ ಮುಖ. "ಏನೇ, ನನ್ನ ತಲೆ ಉಳಿಯುತ್ತೋ, ಹೋಗುತ್ತೋ?"

"ಆಚೆ ಕೂತ್ಕೋ ಅಣ್ಣ. ಕೈ ನಡುಗಿದ್ರೆ ನಿನ್ನ ತಲೆಯೂ ಉಜ್ಜಿಹೋಗುತ್ತೆ."

"ಕೂದಲಂತೂ ಆಗ್ಲೇ ಹೋಗಿದೆ ಬಿಡು." ನಗಲು ನೋಡಿದ, ನಗು ಬರಲಿಲ್ಲ.

ಹಸುಗೂಸಿನ ಕೆನ್ನೆ ಒರೆಸುವಷ್ಟು ಹಗುರವಾಗಿ ಉಜ್ಜಿದಳು. ಗೀರು ಬಿದ್ದ ಮೇಲ್ಪದರ ಕರಗಲೆಂದು ಆಮ್ಲದಲ್ಲಿ ಅದ್ದಿದಳು, ತೊಳೆದಳು, ಮತ್ತೆ ಉಜ್ಜಿದಳು. ಆಮೇಲೆ ಎರಡೂ ಚೂರುಗಳನ್ನು ಮಸೂರದಡಿ ಇಟ್ಟು ಹಿಂದೆ ಸರಿದು ನಿಂತಳು.

ಮುಖ್ಯಸ್ಥರು ಕಣ್ಣಿಟ್ಟರು. ತಿರುಪು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಅವಳ ಬೆರಳುಗಳು ಮೇಜಿನ ಅಂಚನ್ನು ಕಚ್ಚಿ ಹಿಡಿದಿದ್ದವು.

"ಒಳ್ಳೇದರಲ್ಲಿ ಉದ್ದ ಹರಳೇ ಇವೆ," ಎಂದರು ಕೊನೆಗೆ. ಪಕ್ಕದ ಚೂರಿಗೆ ಸರಿಸಿದರು. "ನಿಮ್ಮಣ್ಣನದರಲ್ಲೂ ಉದ್ದವೇ. ಹೊಸದು ಒಂದೂ ಇಲ್ಲ." ಕುರ್ಚಿ ಬಿಟ್ಟು ಎದ್ದರು. "ಬಾ, ನೀನೂ ನೋಡು."

ಅವಳು ಬಾಗಿದಳು. ಕಣ್ಣು ತುಂಬಿಕೊಂಡು ಮಸೂರದಾಚೆ ಎಲ್ಲವೂ ಕದಡಿದ ನೀರಾಗಿತ್ತು.

"ಕಾಣ್ತಾ?"

"ಹೂಂ ಸರ್," ಎಂದಳು. "ಚೆನ್ನಾಗಿ ಕಾಣ್ತಿದೆ."