ವಸಂತನ ಪಾಲಿನ ಲೋಟ

ಈಗಲೇ ಹೇಳಿಬಿಟ್ಟರೆ? ಬಾಗಿಲು ತೆಗೆಯುವ ಮುಂಚೆ ಹೇಳಿದರೆ ಆ ಲೋಟವನ್ನು ಎಲೆಯ ಮುಂದಿನಿಂದ ಎತ್ತಿಬಿಡಬಹುದು. ಆದರೆ ಹೇಗೆ ಹೇಳುವುದು? ‘ಅವ್ವ, ನಿಮ್ಮ ಮಗನಿಗೆ ಕಾಫಿ ಕಂಡರೆ ಆಗುತ್ತಿರಲಿಲ್ಲ’ ಅಂತಲೇ? ಅದೂ ಇವತ್ತು? ಮನೆಯ ಮೂರು ಕಡೆಗೂ ಕಾಫಿ ಗಿಡ ನಿಂತಿರುವಾಗ?

ಪುಟ್ಟಸ್ವಾಮಿ ಜಗಲಿಯ ತುದಿಯಲ್ಲಿ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಟ್ಟು, ಅವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಹೋದ ವರ್ಷದ ಮಳೆಗಾಲದಲ್ಲಿ ವಸಂತ ಕಾಮಾಲೆಯಾಗಿ ತೀರಿಕೊಂಡಿದ್ದ. ವಯಸ್ಸು ಇಪ್ಪತ್ತೇಳು. ಇದು ಅವನ ಮೊದಲ ಎಡೆ. ಅವನ ತಾಯಿ ಭದ್ರಮ್ಮ ಗೆಳೆಯರು ಮೂವರನ್ನೂ ಹೆತ್ತೂರಿನ ತಮ್ಮ ಮನೆಗೆ ಹೇಳಿ ಕಳಿಸಿ ಕರೆಸಿಕೊಂಡಿದ್ದರು.

“ನಮ್ಮೆಲ್ರಿಗಿಂತ ಚಿಕ್ಕೋನು ಕಣೋ ಅವ್ನು,” ಎಂದ ಸುನಿಲ್‌ಕುಮಾರ್. ಹೆತ್ತೂರಿಗೂ ವನಗೂರಿಗೂ ಜೀಪ್ ಓಡಿಸುವವನು. “ಈಗ ನೋಡು, ಹಿರೀಕರ ಸಾಲಲ್ಲಿ ಹೋಗಿ ಕೂತ್ಬುಟ್ಟವ್ನೆ. ಬಾಗ್ಲು ತೆಗುದ್ರೆ ನಾವು ಅವ್ನಿಗೆ ಅಡ್ಡ ಬೀಳ್ಬೇಕಂತೆ!”

“ಬೀಳು, ತಪ್ಪೇನೈತೆ? ನಿನ್ ಜೀಪು ತಳ್ಳಿ ತಳ್ಳಿ ಸವೆದೋಗಿದ್ದ ಪಾಪ,” ಎಂದ ಧರ್ಮೇಶ. ಅವನು ವನಗೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಕೂಲಿಯವರ ಹಾಜರಿ ಕೂಗಿ ಕೂಗಿ ಅವನ ದನಿ ಜಗಲಿಯಲ್ಲೂ ದೊಡ್ಡದೇ.

“ತಳ್ಳಿದ್ನಾ? ಮಾರಾಯ, ತಳ್ಳೋರು ಪ್ಯಾಸೆಂಜರುಗಳು. ಇವ್ನು ಹಿಂದೆ ನಿಂತ್ಕಂಡು ‘ಐಸಾ’ ಅನ್ನೋನು. ಜೀಪು ದಿಣ್ಣೆ ಹತ್ತಿದ್ಮೇಲೆ ಎಲ್ರಿಗಿಂತ ಮುಂಚೆ ಬಂದು ಬೆವರು ಒರೆಸ್ಕಳೋನು!”

ಧರ್ಮೇಶ ಗಹಗಹಿಸಿ ನಕ್ಕ. ಪುಟ್ಟಸ್ವಾಮಿ ಜೇಬಿನಿಂದ ನಾಲ್ಕು ಕಾಳು ಜೀರಿಗೆ ತೆಗೆದು ಬಾಯಿಗೆ ಹಾಕಿಕೊಂಡ. ಯಾವತ್ತಿನಿಂದಲೋ ಬಂದ ಅಭ್ಯಾಸ.

“ಇವ್ನೊಬ್ಬ, ಬಸ್ರಿ ಹೆಂಗ್ಸಿನಂಗೆ ಜೀರಿಗೆ ಮುಕ್ತಾನೆ,” ಎಂದ ಸುನಿಲ್. “ಬಿ.ಎ. ಓದಿ ಕಲ್ತಿದ್ದು ಇದೊಂದೇಯ. ಏನಾರ ಮಾತಾಡೋ ಮೂಗಪ್ಪ.”

ಮೂಗಪ್ಪ ಎಂದು ಹೆಸರಿಟ್ಟವನು ವಸಂತನೇ. ಪುಟ್ಟಸ್ವಾಮಿ ಸುಮ್ಮನೆ ನಕ್ಕ.

ಬೆಳಿಗ್ಗೆ ಎಲೆಯ ಮುಂದೆ ಒಂದು ಸಣ್ಣ ಜಗಳವೇ ಆಗಿತ್ತು. ವಸಂತನಿಗೆ ಪ್ರಾಣವೆಂದು ಸುನಿಲ್ ಸಕಲೇಶಪುರದ ಬೇಕರಿಯಿಂದ ದಿಲ್‌ಪಸಂದ್ ತಂದಿದ್ದ. ಧರ್ಮೇಶನ ಹೆಂಡತಿ ಕಡುಬು, ಕೋಳಿ ಸಾರು ಮಾಡಿ ಕಳಿಸಿದ್ದಳು. ವಸಂತನಿಗೆ ಅದರ ಮುಂದೆ ಬೇರೆ ಯಾವುದೂ ಬೇಡವಾಗಿತ್ತಂತೆ. ವಸಂತ ಯಾರ ಮನೆಯಲ್ಲಿ ಕೂತರೂ ಆ ಮನೆಯ ಅಡುಗೆಯೇ ಲೋಕದಲ್ಲಿ ದೊಡ್ಡದು ಎಂದು ಹೇಳಿ ಎದ್ದು ಬರುತ್ತಿದ್ದವನು. ಕಡೆಗೆ ಎರಡೂ ಎಲೆಗೆ ಬಿದ್ದವು. ಸುನಿಲ್ ಯಾರಿಗೂ ಕಾಣದಂತೆ ಎಲೆಯಡಿಗೆ ಒಂದು ಸಿಗರೇಟು ತೂರಿಸಲು ಹೋದಾಗ ಭದ್ರಮ್ಮ ತಿರುಗಿ ಕೂಡ ನೋಡದೆ, “ಬೆಂಕಿಪೊಟ್ಣ ಯಾರಪ್ಪ ಕೊಡ್ತಾರೆ? ಅದ್ನೂ ಇಡು,” ಎಂದಿದ್ದರು. ಆಮೇಲೆ ಅವರೇ ಒಳಗೆ ಹೋಗಿ, ವಸಂತನ ಉದ್ದದ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ತಂದು, ಸೆರಗಿನಿಂದ ಅದರ ಅಂಚು ಒರೆಸಿ, ಎಲ್ಲಕ್ಕಿಂತ ಮುಂದೆ ಇಟ್ಟಿದ್ದರು. ತಾವೇ ಹುರಿದು ಕುಟ್ಟಿದ ಪುಡಿ. ಊರಿಗೆಲ್ಲ ಗೊತ್ತಿದ್ದ ಕಾಫಿ.

ಆಗ ಶುರುವಾದ ಅನುಮಾನ ಪುಟ್ಟಸ್ವಾಮಿಗೆ ಇನ್ನೂ ಇಳಿದಿರಲಿಲ್ಲ. ಸತ್ತವನ ಎಲೆಯ ಮುಂದಾದರೂ ನಿಜ ಇರಬೇಡವೇ? ವರ್ಷಕ್ಕೊಂದು ದಿನ ಊಟಕ್ಕೆ ಬಂದವನು ಅದೇ ಲೋಟ ನೋಡಿ ಏನೆಂದುಕೊಂಡಾನು?

“ಎಡೆಗಿಟ್ಟ ಕಾಫಿ ನೋಡಿ ಜ್ಞಾಪಕ ಬಂತು,” ಎಂದ ಧರ್ಮೇಶ. “ನಂಗೆ ಹೆಣ್ಣು ನೋಡಾಕೆ ಹೋಗಿದ್ದು ಗ್ಯಾನ ಐತಾ? ನಾನು ತಲೆ ಬಗ್ಗಿಸ್ಕಂಡು ಕೂತಿದೀನಿ. ವಸಂತ ಒಂದು ಲೋಟ ಮುಗಿಸಿ, ‘ಆಹಾ, ಇಂಥ ಕಾಫಿ ಕುಡಿದೇ ಇಲ್ಲ’ ಅಂದ. ಅವ್ರು ಇನ್ನೊಂದು ತಂದ್ರು. ಅದೂ ಖಾಲಿ. ನಮ್ ಮಾವ ಇವ್ನೇ ಗಂಡು ಅಂದ್ಕಂಡು ಎಕರೆ, ಗದ್ದೆ ಎಲ್ಲ ಇವ್ನನ್ನೇ ಕೇಳ್ತಾವ್ರೆ! ನಯನಾ ಈಗ್ಲೂ ಅಂತಾಳೆ, ‘ನಾನು ಒಪ್ಪಿದ್ದು ಕಾಫಿ ಹೊಗಳ್ದೋನ್ನ, ಕಟ್ಕಂಡಿದ್ದು ಪಕ್ದಲ್ಲಿದ್ದೋನ್ನ’ ಅಂತ.”

ಆ ಎರಡೂ ಲೋಟ ಖಾಲಿ ಮಾಡಿದವನು ಪುಟ್ಟಸ್ವಾಮಿ. ಪಕ್ಕದಲ್ಲಿ ಕೂರುವುದು, ತನ್ನದನ್ನು ಬೇಗ ಮುಗಿಸುವುದು, ಎಲ್ಲರೂ ಬೇರೆ ಕಡೆ ನೋಡುವಾಗ ಖಾಲಿ ಲೋಟವನ್ನು ವಸಂತನ ಕಡೆಗೆ ಸರಿಸಿ ತುಂಬಿದ್ದನ್ನು ತಾನು ಎಳೆದುಕೊಳ್ಳುವುದು. ಹೈಸ್ಕೂಲಿನ ಕಾಲದಿಂದ ಮನೆ ಮನೆಯಲ್ಲೂ ಹೀಗೇ ನಡೆದಿತ್ತು. “ನೀನು ಬಾಯಿ ತೆಗೆಯೋದೇ ನನ್ ಕಾಫಿ ಕುಡಿಯಾಕೆ ಕಣೋ,” ಎಂದು ವಸಂತ ಕಿವಿಯಲ್ಲಿ ಹೇಳಿ ನಗುತ್ತಿದ್ದ. ಕಾಫಿ ಸೇರದು ಎಂದು ಅವ್ವನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಕಾಫಿ ಕುಟ್ಟುವಾಗ ಅವರ ಮುಖ ನೋಡಿದ್ದ ಯಾರಿಗೂ ಇರುತ್ತಿರಲಿಲ್ಲ.

ನಗು ಕೇಳಿ ಭದ್ರಮ್ಮ ಹಿತ್ತಿಲಿನಿಂದ ಬಳಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತು ಅವರೂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

“ಕೊನೇಲಿ ಒಂದು ತೊಟ್ಟು ಕಾಫಿ ಕೊಡ್ಲಿಲ್ಲ ಕಣ್ರಪ್ಪ ನಾನು. ಡಾಕ್ಟ್ರು ಬ್ಯಾಡ ಅಂದ್ಬುಟ್ರು. ಗಂಜಿ, ಎಳನೀರು ಅಷ್ಟೇಯ. ಹೆಂಗೂ ಹೋಗೋ ಜೀವ, ಒಂದ್ ಲೋಟ ಕೊಟ್ಟಿದ್ರೆ ಏನಾಗ್ತಿತ್ತು? ಆಸೆ ಇಟ್ಕಂಡೇ ಹೋಗ್ಬುಟ್ಟ ನನ್ ಮಗ. ನಾನು ದಿನಾ ಒಲೆ ಮುಂದೆ ಅದನ್ನೇ ನೆನೆಸ್ಕತೀನಿ.”

ಸುನಿಲ್ ಜೀಪಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುವುದನ್ನು ನಿಲ್ಲಿಸಿದ.

ಪುಟ್ಟಸ್ವಾಮಿಗೆ ಆಸ್ಪತ್ರೆಯ ಮಂಚ ಕಣ್ಣಿಗೆ ಬಂತು. ಡಾಕ್ಟರು ಆ ಕಡೆ ಹೋಗುತ್ತಿದ್ದಂತೆ ವಸಂತ, ಹಳದಿಯಾಗಿದ್ದ ಕಣ್ಣು ಮಿಟುಕಿಸಿ, “ಇಷ್ಟು ವರ್ಷಕ್ಕೆ ಒಬ್ರು ಒಳ್ಳೇ ಡಾಕ್ಟ್ರು ಸಿಕ್ಕಿದ್ರು ನೋಡೋ. ಕಾಫಿ ಮುಟ್ಲೇಬಾರ್ದಂತೆ,” ಎಂದಿದ್ದ. ಅವನು ಅಷ್ಟು ಚೆನ್ನಾಗಿ ನಕ್ಕಿದ್ದು ಅದೇ ಕೊನೆಯ ಸಲ.

ಹೇಳಿದರೆ ಈ ಹೆಂಗಸಿನ ಎದೆಯ ಭಾರ ಇಳಿಯುತ್ತದೆ. ಹೇಳಿದರೆ ಇವರು ಅಷ್ಟು ವರ್ಷ ಕುಟ್ಟಿದ ಕಾಫಿಯೂ ಸುಳ್ಳಾಗುತ್ತದೆ. ಸುಮ್ಮನಿರುವುದು ಅವನಿಗೆ ಸುಲಭ. ಅದೊಂದರಲ್ಲಿ ಅವನು ಪಳಗಿದವನು. ಇವತ್ತು ಮಾತ್ರ ಅದು ಆಗಲಿಲ್ಲ.

“ಕೇಳ್ಲೇ ಇಲ್ಲ ಅವ್ವ,” ಎಂದ.

ಮೂವರೂ ತಿರುಗಿ ನೋಡಿದರು.

“ಆಸ್ಪತ್ರೇಲಿ ಪಕ್ಕದಲ್ಲೇ ಇದ್ದೆನಲ್ಲ ನಾನು. ಒಂದು ದಿನಾನೂ ಕಾಫಿ ಬೇಕು ಅನ್ಲಿಲ್ಲ. ಅದ್ರ ಆಸೇನೇ ಇರ್ಲಿಲ್ಲ ಅವ್ನಿಗೆ. ನನ್ನಾಣೆಗೂ ಅವ್ವ. ಡಾಕ್ಟ್ರು ಬ್ಯಾಡ ಅಂದಾಗ ನಕ್ಕ ಕೂಡ.”

“ಕೇಳ್ಲಿಲ್ವಾ?”

“ಇಲ್ಲ.”

ಭದ್ರಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಹೆಗಲು ಸ್ವಲ್ಪ ಕೆಳಗಿಳಿಯಿತು.

“ಎಲ್ಲಿ ಕೇಳ್ತಾನೆ,” ಎಂದರು, ಗರ್ವವನ್ನು ಮುಚ್ಚಿಡಲಾಗದೆ. “ಆ ಆಸ್ಪತ್ರೆ ಮುಂದಿನ ಹೋಟ್ಲು ಕಾಫಿ ಅವ್ನ ಬಾಯಿಗೆ ಸೇರೀತಾ? ನನ್ ಕೈದೇ ಆಗ್ಬೇಕಿತ್ತು ಅವ್ನಿಗೆ.”

“ಅದೇ ಮತ್ತೆ!” ಎಂದ ಸುನಿಲ್. “ಮೂಗಪ್ಪ ಬಾಯಿ ಬಿಟ್ಟ ಅಂದ್ರೆ ನಾಳೆ ಜೀಪು ತಾನಾಗೇ ಸ್ಟಾರ್ಟ್ ಆಗ್ತೈತೆ ಬುಡು.”

ಭದ್ರಮ್ಮ ಎದ್ದು ಒಂದು ಸಲ ಕೆಮ್ಮಿ, ಒಳಗಿರುವವನಿಗೆ ತಿಳಿಯಲೆಂದು ಬಾಗಿಲು ತಟ್ಟಿ, ಮೆಲ್ಲಗೆ ತಳ್ಳಿದರು. ಊದುಬತ್ತಿ ಉರಿದು ಮುಗಿದಿತ್ತು. ಫೋಟೋದಲ್ಲಿ ವಸಂತ ಯಾರನ್ನೋ ಆಡಿಕೊಳ್ಳುತ್ತಿರುವವನ ಹಾಗೆ ತುಟಿ ಓರೆ ಮಾಡಿ ನಿಂತಿದ್ದ. ಸುನಿಲ್ ಉದ್ದಕ್ಕೆ ಅಡ್ಡ ಬಿದ್ದು, “ಮಗನೇ, ಆಶೀರ್ವಾದ ಮಾಡೋ,” ಎಂದ. ಧರ್ಮೇಶ, “ಅವ್ನು ಐಸಾ ಅಂತಾನೆ, ನೀನಾಗೇ ಏಳ್ಬೇಕು,” ಎಂದ. ಭದ್ರಮ್ಮ ಜೋರಾಗಿಯೇ ನಕ್ಕರು.

ಎಲೆಯ ಮೇಲಿದ್ದದ್ದನ್ನು ಎಲ್ಲರಿಗೂ ಹಂಚಿದರು. ಕಡೆಯಲ್ಲಿ ಉಳಿದದ್ದು ಆ ಉದ್ದದ ಲೋಟ. ಭದ್ರಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕ್ಷಣವೂ ಯೋಚಿಸದೆ, ಪುಟ್ಟಸ್ವಾಮಿಯ ಕೈಗೆ ಕೊಟ್ಟರು.

“ತಗಾ. ಯಾವಾಗ್ಲೂ ಅವ್ನ ಪಕ್ದಲ್ಲೇ ಕೂರ್ತಿದ್ದೋನು ನೀನು. ಅವ್ನ ಪಾಲಿಂದು ನೀನೇ ಕುಡಿ.”

ಕಾಫಿ ತಣ್ಣಗಾಗಿತ್ತು. ತಳದಲ್ಲಿ ಬೆಲ್ಲ ಕರಗದೆ ಕೂತಿತ್ತು. ಪುಟ್ಟಸ್ವಾಮಿ ಫೋಟೋದ ಕಡೆ ಒಮ್ಮೆ ನೋಡಿ, ನಿಂತಲ್ಲೇ ಲೋಟವನ್ನು ಖಾಲಿ ಮಾಡಿ, ಜೇಬಿನಲ್ಲಿ ಜೀರಿಗೆ ಹುಡುಕಿದ.

ಕಾಫಿ ತನಗೂ ಸೇರುವುದಿಲ್ಲವೆಂದು ಅವನು ವಸಂತನಿಗೆ ಒಂದು ಸಲವೂ ಹೇಳಿರಲಿಲ್ಲ.