ಹಳದಿ ಚೌಕ

ಕ್ಯಾಮೆರಾ ಕೈಗೆ ಬಂದಾಗ ನಾನು ಮೊದಲು ಮಾಡಿದ್ದು ಅದನ್ನು ಬೈದದ್ದು. ಸೋಪಿನ ಪೆಟ್ಟಿಗೆಯಷ್ಟಿದೆ, ಅಂಗಿ ಜೇಬಿಗೆ ಇಳಿಯುತ್ತದೆ. ಇದಕ್ಕೆ ನನ್ನ ಬೈಕು ಕೊಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

"ಬಟನ್ ಒತ್ತಿ ನೋಡು ಮಾರಾಯ, ಆಮೇಲೆ ಬೈ," ಎಂದರು ಹಬೀಬುರ್ರಹ್ಮಾನ್. ಕಳಸದಲ್ಲಿ ಸ್ಟುಡಿಯೋ ಇಟ್ಟಿರುವ ಅವರನ್ನು ನಾವೆಲ್ಲ ಹಬೀಬ್ ಭಾಯ್ ಎನ್ನುತ್ತೇವೆ.

ಒತ್ತಿದೆ. ಆಮೆ ಕತ್ತು ಚಾಚಿದ ಹಾಗೆ ಲೆನ್ಸ್ ಹೊರಬಂತು, ಇನ್ನೂ ಬಂತು. ಅಂಗಡಿ ಬಾಗಿಲಲ್ಲಿ ನಿಂತವನಿಗೆ ಬಸ್ ಸ್ಟ್ಯಾಂಡಿನ ಆಚೆ ಮೀನು ತೂಗುವ ತಕ್ಕಡಿಯ ಮುಳ್ಳು ಕಂಡಿತು. ನನ್ನ ಮೊಬೈಲಿನಲ್ಲಿ ಅಷ್ಟು ದೂರ ಎಳೆದರೆ ಎಲ್ಲವೂ ಗಂಜಿ.

"ಏನು ತೆಗೀತೀಯ ಇದ್ರಲ್ಲಿ? ಹಕ್ಕಿಯಾ?"

"ಮಣ್ಣು," ಎಂದೆ.

ಅವರು ಮುಂದೆ ಕೇಳಲಿಲ್ಲ. ಕಳಸ, ನಮ್ಮ ಸಂಸೆ ಕಡೆಯವರಿಗೆಲ್ಲ ಆ ಮಣ್ಣು ಗೊತ್ತು.

ನಾಲ್ಕು ವರ್ಷದ ಹಿಂದೆ ಆಗಸ್ಟಿನಲ್ಲಿ ನಮ್ಮ ಎಸ್ಟೇಟಿನ ಎದುರಿನ ಗುಡ್ಡ ಜರಿಯಿತು. ಅದರ ನೆತ್ತಿಯ ಒರತೆಯಿಂದ ಕರಿ ಪೈಪಿನಲ್ಲಿ ನಮ್ಮ ಕೂಲಿ ಲೈನಿನ ಸಾಲುಮನೆಗಳಿಗೆ ನೀರು ಬರುತ್ತಿತ್ತು. ಮಳೆಗಾಲದಲ್ಲಿ ಕಸ ಸೋಸಲು ಪೈಪಿನ ಬಾಯಿಗೆ ಕಟ್ಟಿದ ಬಟ್ಟೆ ಹರಿದು, ಎಲೆ ಕೆಸರು ತುಂಬಿ, ನೀರು ನಿಲ್ಲುತ್ತಿತ್ತು. ಯಾರಾದರೂ ಒಂದು ಗಂಟೆ ಹತ್ತಿ ಹೋಗಿ ಹೊಸ ಬಟ್ಟೆ ಕಟ್ಟಿ ಬರಬೇಕು. ಅಣ್ಣ ಪ್ರಶಾಂತ್ ಒಂದು ಸಲ, ನಾನು ಒಂದು ಸಲ. ಆ ದಿನದ ಸರದಿ ನನ್ನದು. ಜ್ವರ ಎಂದು ಸುಳ್ಳು ಹೇಳಿ ಕಂಬಳಿ ಎಳೆದುಕೊಂಡೆ. ಏಳೂವರೆಗೆ ಅಣ್ಣ ಮಳೆಗೆ ತಲೆ ಮುಚ್ಚುವ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹೊರಟ. ಒಂಬತ್ತಕ್ಕೆ ಗುಡ್ಡ ಕೆಳಗೆ ಬಂತು.

ಮೂರು ದಿನ ಹುಡುಕಿದರು. ಅಷ್ಟರಲ್ಲಿ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಮಲ್ಲಿಕಾರ್ಜುನಪ್ಪನವರು, "ಅವನು ಎಂಟು ಗಂಟೆ ಬಸ್ಸು ಹತ್ತಿದ್ದನ್ನ ನಾನೇ ಕಂಡೆ," ಎಂದುಬಿಟ್ಟರು. ಹುಡುಕುವುದು ನಿಂತಿತು. ಹಾಜರಿ ಪುಸ್ತಕದಲ್ಲಿ ಅಣ್ಣನ ಹೆಸರಿನ ಮುಂದೆ ‘ಬಿಟ್ಟು ಹೋದ’ ಎಂದು ಬಿತ್ತು. ಅತ್ತಿಗೆ ರಂಜಿತಾ ಇಡೀ ಲೈನಿಗೆ ಗಂಡ ಬಿಟ್ಟವಳಾದಳು. ಅವಳು ಕೊಡ ಹಿಡಿದು ಹೋದರೆ ನೀರಿನ ಹತ್ತಿರ ಮಾತು ನಿಲ್ಲುತ್ತಿತ್ತು. ಅವ್ವ ಮಾತ್ರ ರೈಟರ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆಲ್ಲ ಎಡೆ ಹಾಕಿದರೂ ಅಣ್ಣನಿಗೆ ಹಾಕಲಿಲ್ಲ. "ಬದುಕಿರೋನಿಗೆ ಎಡೆ ಹಾಕಿದ್ರೆ ಅವನು ಉಳೀತಾನೇನೋ?" ಎನ್ನುತ್ತಿದ್ದಳು.

ಅಣ್ಣ ಓಡಿಹೋದವನಲ್ಲ, ಗುಡ್ಡದಲ್ಲೇ ಇದ್ದಾನೆ. ಅದಕ್ಕೊಂದು ಗುರುತು ಬೇಕಿತ್ತು ನನಗೆ. ಹತ್ತಿ ನೋಡೋಣವೆಂದರೆ ಆ ಮಣ್ಣಿನ ಮೇಲೆ ಇವತ್ತಿಗೂ ಕಾಲು ನಿಲ್ಲುವುದಿಲ್ಲ. ಕಣ್ಣಾದರೂ ಹತ್ತಲಿ ಎಂದು ಕ್ಯಾಮೆರಾ ತಂದೆ.

ಲೆನ್ಸ್ ಪೂರ್ತಿ ಎಳೆದರೆ ನಾನು ಉಸಿರಾಡಿದರೂ ಗುಡ್ಡ ಕುಣಿಯುತ್ತಿತ್ತು. ಕಾಲುಚೀಲಕ್ಕೆ ಅಕ್ಕಿ ತುಂಬಿ, ರಸ್ತೆ ತಿರುವಿನ ಮೋರಿಕಟ್ಟೆಯ ಮೇಲಿಟ್ಟು, ಕ್ಯಾಮೆರಾವನ್ನು ಅದರಲ್ಲಿ ಅದುಮಿ ಕೂರಿಸಿದೆ. ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ಬಿಟ್ಟರೆ ಅಲುಗುವುದಿಲ್ಲ. ಮೆನು ಎಲ್ಲ ಇಂಗ್ಲಿಷು, ಗುರುತಿನ ಚಿತ್ರ ನೋಡಿಯೇ ಕಲಿತೆ. ಬಿಸಿಲು ಬಂದರೆ ಸ್ಕ್ರೀನಿನಲ್ಲಿ ನನ್ನ ಮೂತಿಯೇ ಕಾಣುತ್ತದೆ. ಮಂಜು ಬಂದರೆ ಫೋಕಸ್ ಸಿಗದೆ ಒಳಗಿನ ಮೋಟಾರು ಗುಂಯ್ ಗುಂಯ್ ಎನ್ನುತ್ತದೆ. ಹಾಗೆ ಗುಂಯ್‌ಗುಡುವಾಗ ಬೀಸಿ ಹೊಳೆಗೆ ಎಸೆಯಬೇಕು ಅನಿಸುತ್ತಿತ್ತು. ಆದರೆ ಮಂಜು ಸರಿದ ಒಂದು ನಿಮಿಷದಲ್ಲಿ ಅದು ತೋರಿಸಿದ್ದನ್ನು ನಾಲ್ಕು ವರ್ಷ ಯಾರೂ ತೋರಿಸಿರಲಿಲ್ಲ. ಜರಿದ ಮಣ್ಣಿನಲ್ಲಿ ತಲೆಕೆಳಗಾಗಿ ನಿಂತ ಬೇರು, ಬೇರಿಗೆ ಸಿಕ್ಕ ಕಲ್ಲು, ಕಲ್ಲಿನ ಮೇಲೆ ಕೂತ ಹಕ್ಕಿಯ ಕಣ್ಣು.

ಮೂರನೇ ದಿನ ಸ್ಕ್ರೀನಿನಲ್ಲಿ ಒಂದು ಹಳದಿ ಚೌಕ ಮೂಡಿತು.

ಹಬೀಬ್ ಭಾಯ್ ಅಂಗಡಿಯಲ್ಲಿ ಅದು ನನ್ನ ಮುಖದ ಮೇಲೆ ಮೂಡಿದ್ದನ್ನು ತೋರಿಸಿದ್ದರು. ಎದುರಿಗೆ ಮನುಷ್ಯ ಬಂದರೆ ಕ್ಯಾಮೆರಾ ತಾನೇ ಮುಖ ಹುಡುಕಿ ಚೌಕ ಹಾಕುತ್ತದೆ. ಈಗ ಎದುರಿಗೆ ಬರೀ ಮಣ್ಣು. ಚೌಕ ನಡುಗಿತು, ಆರಿತು, ಮತ್ತೆ ಅದೇ ಜಾಗದಲ್ಲಿ ಹತ್ತಿತು. ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

"ಕಲ್ಲಿಗೂ ಹಾಕ್ತದೆ, ಹಲಸಿನಕಾಯಿಗೂ ಹಾಕ್ತದೆ," ಎಂದು ನಕ್ಕರು ಅವರು. "ಎರಡು ತೂತು, ಕೆಳಗೊಂದು ಗೆರೆ ಕಂಡ್ರೆ ಸಾಕು ಅದಕ್ಕೆ. ಆಫ್ ಮಾಡ್ಕೋ ಮಾರಾಯ, ತಲೆ ಕೆಡಿಸ್ಕೋಬೇಡ."

ಆಫ್ ಮಾಡಲಿಲ್ಲ. ನಾಲ್ಕು ದಿನ ಅಲ್ಲೇ ಕೂತೆ. ಮಳೆ ಬಿಟ್ಟಾಗಲೆಲ್ಲ ಚೌಕ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಮನೆಗೆ ಬಂದು ಕಣ್ಣು ಮುಚ್ಚಿದರೆ ಒಳಗೂ ಹತ್ತುತ್ತಿತ್ತು, ಆರುತ್ತಿತ್ತು. ಅನ್ನ ಸೇರಲಿಲ್ಲ. ಏಳನೇ ದಿನ ಅದರಿಂದ ಒಂದಿಷ್ಟು ಮೇಲಕ್ಕೆ, ಈ ಮಳೆಗೆ ಪೊದೆ ಕಳಚಿಬಿದ್ದ ಅಂಚಿನಲ್ಲಿ, ತುಂಡಾಗಿ ನೇತಾಡುವ ಕರಿ ಪೈಪು ಕಂಡಿತು. ಅದರ ಜಾಡು ಹಿಡಿದು ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸುತ್ತ ಹೋದೆ. ಒರತೆ. ಪೈಪಿನ ಬಾಯಿ. ಅದಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿದ ನೇರಳೆ ಬಟ್ಟೆ.

ಅತ್ತಿಗೆ ಕಳೆ ಕೆಲಸ ಮುಗಿಸಿ ಕತ್ತಿ ಒರೆಸುತ್ತಿದ್ದಳು. ತೆಗೆದ ಫೋಟೋ ಅವಳ ಮುಂದೆ ಹಿಡಿದೆ.

"ಇದೇನು?"

"ನೋಡು ಅತ್ತಿಗೆ. ಬಟ್ಟೆ ನೋಡು."

ನೋಡಿದಳು. ಕತ್ತಿ ಕೆಳಗಿಟ್ಟಳು. "ನನ್ನ ಸೀರೆ. ಅವತ್ತು ಬೆಳಿಗ್ಗೆ ನಾನೇ ಹರಿದು ಕೊಟ್ಟೆ. ನೈಲಾನು, ಬೇಗ ಕೊಳೆಯಲ್ಲ ಅಂದೆ. ‘ಮದುವೆ ಸೀರೆ ಅಲ್ಲ ತಾನೆ’ ಅಂತ ತಮಾಷೆ ಮಾಡಿದ್ರು." ಗಂಟಿನ ಮೇಲೆ ಬೆರಳಿಟ್ಟು, "ಕಟ್ಟಿದಾರೆ ಅನಿಲ. ಹತ್ತಿ ಹೋಗಿ ಕಟ್ಟಿದಾರೆ," ಎಂದಳು. ಕತ್ತಿ ಮತ್ತೆ ಎತ್ತಿಕೊಂಡು, "ನಿನ್ನಿಂದ ಆಯ್ತು. ನಿಂಗೆ ಪುಣ್ಯ ಬರ್ಲಿ," ಎಂದಳು. ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು.

ಆ ಉರಿಯಲ್ಲೇ ರೈಟರ ಆಫೀಸಿಗೆ ನುಗ್ಗಿದೆ.

"ಚಪ್ಪಲಿ ಹೊರಗೆ ಬಿಡೋ," ಎಂದರು ಮಲ್ಲಿಕಾರ್ಜುನಪ್ಪ.

"ಏಳೂವರೆಗೆ ಮನೆ ಬಿಟ್ಟೋನು ಒರತೆಗೆ ಹೋಗಿ ಬಟ್ಟೆ ಕಟ್ಟಿ, ಎಂಟು ಗಂಟೆ ಬಸ್ಸಿಗೆ ಹೆಂಗೆ ಬರ್ತಾನೆ ರೈಟರ್ರೇ? ರೆಕ್ಕೆ ಇತ್ತಾ ಅವನಿಗೆ?"

ಕನ್ನಡಕ ಏರಿಸಿ ನಾನು ಹಿಡಿದ ಫೋಟೋ ನೋಡಿದರು. ಇಳಿಸಿ ಒರೆಸಿ ಮತ್ತೆ ನೋಡಿದರು. "ನಾನು ಕಂಡದ್ದು... ಕೊಪ್ಪೆ ಹೊದ್ದಿದ್ದ ಮಾರಾಯ. ಮಳೆ ಅಂದ್ರೆ ಮಳೆ. ನಡಿಗೆ ಅವನ ಹಾಗೇ ಇತ್ತು."

"ಮುಖ?"

"ಮುಖ ಕಂಡಿರ್ಲಿಲ್ಲ."

ಕಾಣದ ಮುಖಕ್ಕೆ ನಾಲ್ಕು ವರ್ಷ. ಮೇಜು ಒದ್ದು ಬೀಳಿಸಬೇಕೆಂದು ಕಾಲು ಎತ್ತಿದೆ. ಆದರೆ ಸುಳ್ಳು ಹೇಳಿದವನು ಆ ಮುದುಕನಲ್ಲ ಎಂದು ನನಗೆ ಗೊತ್ತಿತ್ತು. ಕಾಲು ಇಳಿಸಿ ಹೊರಬಂದೆ.

ಅವ್ವ ಬಟ್ಟೆಯ ಫೋಟೋ ನೋಡಿಯೂ ಒಪ್ಪಲಿಲ್ಲ. "ಕಟ್ಟಿ ಆಮೇಲೆ ಎಲ್ಲೋ ಹೋಗಿರ್ಬೌದು," ಎಂದಳು. ಮೋರಿಕಟ್ಟೆಗೆ ಕರೆದುಕೊಂಡು ಹೋದೆ. ಕ್ಯಾಮೆರಾ ಕೂರಿಸಿದೆ. ಮಂಜು ಸರಿಯಿತು. ಚೌಕ ಹತ್ತಿತು.

"ಇದೇನು ಮಗಾ, ಹಳದಿ?"

ಹೇಳಬಾರದಿತ್ತು. ಹೇಳಿದೆ. "ಮುಖ ಕಂಡ್ರೆ ಬರ್ತದವ್ವಾ. ಕಲ್ಲಿಗೂ ಬರ್ತದಂತೆ."

ಕೊನೆಯ ಮಾತು ಅವಳ ಕಿವಿಗೆ ಬೀಳಲಿಲ್ಲ. ಸೆರಗಿನಿಂದ ಸ್ಕ್ರೀನು ಒರೆಸಿದಳು. ಚೌಕ ನಡುಗಿ ಆರುವವರೆಗೂ ರೆಪ್ಪೆ ಬಡಿಯದೆ ನೋಡಿ, "ಹಸ್ಕೊಂಡಿದಾನೆ," ಎಂದಳು. "ನಾಲ್ಕು ವರ್ಷ ಹಸ್ಕೊಂಡು ಇಲ್ಲೇ ಕೂತಿದಾನೆ, ನಾನು ಕೊಡ್ಲಿಲ್ಲ."

ನಾಲ್ಕು ದಿನ ಬಿಟ್ಟು ಮಹಾಲಯ ಅಮಾವಾಸ್ಯೆ. ಅವ್ವ ಕಡುಬು, ಕೋಳಿ ಸಾರು, ಒಣಮೀನು ಮಾಡಿ ಬಾಳೆಲೆಗೆ ಬಡಿಸಿದಳು. ಅತ್ತಿಗೆ ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟಳು. ದೀಪ ಹಚ್ಚಿ, ಬಾಗಿಲು ಮುಚ್ಚಿ, ಮೂವರೂ ಹೊರಗೆ ನಿಂತೆವು. ಸತ್ತವರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು. ಹೊತ್ತು ಮುಳುಗುತ್ತಿತ್ತು.

"ಕಿರಿಯವನು ನೀನು, ನೀನೇ ಹೇಳಬೇಕು," ಎಂದಳು ಅವ್ವ. "ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ, ಉಂಡು ಹೋಗು ಅನ್ನು. ಅಷ್ಟೇ."

ಅಷ್ಟೇ ಹೇಳಬಹುದಿತ್ತು. ಬಾಯಿ ತೆರೆದೆ. ಒಳಗೆ ಎಲೆ ಸರಿದ ಸದ್ದಾಯಿತು. ಗಾಳಿಯಿರಬೇಕು.

"ಅಣ್ಣಾ," ಎಂದೆ. "ಅವತ್ತು ಸರದಿ ನಂದು. ನಂಗೆ ಜ್ವರ ಇರ್ಲಿಲ್ಲ."

ಅವ್ವನ ಕೈ ಗೋಡೆ ಹುಡುಕಿತು. ಅತ್ತಿಗೆ ನನ್ನ ಕಡೆ ತಿರುಗಿದಳು. ಅಳಲಿಲ್ಲ.

"ಏನಂದೆ?"

"ನಂಗೆ ಜ್ವರ ಇರ್ಲಿಲ್ಲ ಅತ್ತಿಗೆ."

"ನಂಗಲ್ಲ, ಅವರಿಗೆ ಹೇಳು. ಜೋರಾಗಿ ಹೇಳು," ಎಂದಳು. "ನಾಲ್ಕು ವರ್ಷ ನನ್ನ ಬಗ್ಗೆ ಆಡ್ಕೊಂಡ ಲೈನಿಗೆಲ್ಲ ಕೇಳ್ಲಿ."

ಹೇಳಿದೆ. ಸಾಲದು ಎಂದಳು. ಮತ್ತೆ ಹೇಳಿದೆ, ಗಂಟಲು ಹರಿಯುವ ಹಾಗೆ. ಲೈನಿನ ಬಾಗಿಲುಗಳು ಒಂದೊಂದಾಗಿ ತೆರೆದವು. ನಮ್ಮದೊಂದು ಮುಚ್ಚಿಯೇ ಇತ್ತು.